ಬಗ್ಗಿದ ಮೇಣದಬತ್ತಿ, ಬಿಳಿ ಚಕ್ಕೆಯ ಚೀಲ

2016ರ ಏಪ್ರಿಲ್. ದಾವಣಗೆರೆ ಮಂಡಿಪೇಟೆಯ ಒಂದು ಕಿರಾಣಿ ಅಂಗಡಿಗೆ ನಾನು ಮಾಡಿದ ಮೇಣದಬತ್ತಿ ಕೊಟ್ಟು ಎಂಟು ದಿನ ಆಗಿತ್ತು, ಅಷ್ಟೇ. ಅಂಗಡಿಯಣ್ಣ ಫೋನ್ ಮಾಡಿದರು. "ಅಕ್ಕಾ, ನಿಮ್ ಕ್ಯಾಂಡಲ್ ಎಲ್ಲಾ ಸೊಂಟ ಬಗ್ಗಿಸ್ಕೊಂಡು ಕುಂತಾವೆ. ಬಂದು ತಗೊಂಡು ಹೋಗ್ರಿ." ಹೋಗಿ ನೋಡಿದರೆ ನಿಜ. ಸಂಜೆ ಬಿಸಿಲು ಬೀಳುವ ಕಡೆ ನೇತು ಹಾಕಿದ್ದ ಪ್ಯಾಕೆಟ್‌ಗಳಲ್ಲಿ ಒಂದೊಂದು ಬತ್ತಿಯೂ ಕುಡಗೋಲಿನ ಹಾಗೆ ಬಾಗಿತ್ತು. 40 ಪ್ಯಾಕೆಟ್‌ನಲ್ಲಿ 31 ವಾಪಸ್. ಸ್ಕೂಟಿಯ ಮುಂದೆ ಚೀಲ ಇಟ್ಟುಕೊಂಡು ಮನೆಗೆ ಬಂದೆ. ಅತ್ತೆ ಒಂದು ಬತ್ತಿ ಕೈಯಲ್ಲಿ ಹಿಡಿದು ನೋಡಿ, "ಇದು ದೇವರಿಗೆ ತಾನೇ ನಮಸ್ಕಾರ ಮಾಡ್ತೈತಲ್ಲ" ಅಂದರು. ಆಗ ಸಿಟ್ಟು ಬಂದಿತ್ತು. ಈಗ ನಾನೇ ಎಲ್ಲರಿಗೂ ಹೇಳಿಕೊಂಡು ನಗುತ್ತೇನೆ.

ತಪ್ಪು ನನ್ನದೇ. ಆ ವರ್ಷ ಜನವರಿಯಲ್ಲಿ ಮೂರು ದಿನದ ತರಬೇತಿಗೆ ಹೋಗಿದ್ದೆ. ಅಲ್ಲಿ ಹೇಳಿಕೊಟ್ಟವರು ಮೇಣದ ಜೊತೆ ಸ್ವಲ್ಪ ಸ್ಟಿಯರಿಕ್ ಆಸಿಡ್ ಹಾಕಬೇಕು ಅಂದಿದ್ದರು. ಸ್ವಲ್ಪ ಅಂದರೆ ಎಷ್ಟು, ಯಾಕೆ, ಅದೇನೂ ಹೇಳಲಿಲ್ಲ. ನಾನೂ ಕೇಳಲಿಲ್ಲ. "ಆಸಿಡ್" ಅನ್ನೋ ಮಾತು ಕಿವಿಗೆ ಬಿದ್ದ ಕೂಡಲೇ ನನ್ನ ಕಣ್ಣ ಮುಂದೆ ಬಂದಿದ್ದು ಬಾತ್‌ರೂಮ್ ತೊಳೆಯುವ ಆಸಿಡ್ ಬಾಟ್ಲಿ, ಆ ಹೊಗೆ, ಆ ಕೆಮ್ಮು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ, ಅಡುಗೆಮನೆ ಪಕ್ಕದಲ್ಲೇ ಕೆಲಸ, ಯಾಕೆ ಬೇಕು ಅಂತ ಬಿಟ್ಟುಬಿಟ್ಟೆ. ಬರೀ ಪ್ಯಾರಾಫಿನ್ ಕರಗಿಸಿ ಅಚ್ಚಿಗೆ ಹೊಯ್ದೆ. ಜನವರಿ ಚಳಿಯಲ್ಲಿ ಬತ್ತಿ ಕಂಬದ ಹಾಗೆ ನಿಂತಿತ್ತು. ಏಪ್ರಿಲ್‌ನಲ್ಲಿ ನಮ್ಮೂರ ಬಿಸಿಲು ಅದನ್ನು ಪರೀಕ್ಷೆ ಮಾಡಿತು.

ನನ್ನ ಅಣ್ಣನ ಮಗ ಆಗ ಡಿ.ಫಾರ್ಮ ಓದುತ್ತಿದ್ದ. ಬಗ್ಗಿದ ಬತ್ತಿ ನೋಡಿ, "ಅತ್ತೆ, ಅದು ಹಂಗಿನ ಆಸಿಡ್ ಅಲ್ಲ. ಕೊಬ್ಬಿನ ಆಸಿಡ್. ಬೆಣ್ಣೆ ದೋಸೆ ತಿಂತೀಯಲ್ಲ, ಅದ್ರಾಗೂ ಐತೆ" ಅಂದ. ನಾನು ನಂಬಲಿಲ್ಲ. ಮುಂದಿನ ವಾರ ಅವನೇ ಹೋಗಿ 2 ಕಿಲೋ ತಂದ. ಚೀಲ ಬಿಚ್ಚಿದರೆ ಬಿಳೀ ಚಕ್ಕೆಗಳು. ತೆಂಗಿನಕಾಯಿ ತುರಿ ಒಣಗಿಸಿದ ಹಾಗೆ. ಕೈಗೆ ತೆಗೆದುಕೊಂಡರೆ ಸುಡುವುದಿಲ್ಲ, ಉರಿಯುವುದಿಲ್ಲ, ಬೆರಳಿಗೆ ಜಾರು ಜಾರಾಗಿ ಅಂಟುತ್ತದೆ, ಮೂಗಿಗೆ ಹಿಡಿದರೆ ಹಳೇ ಮೇಣದ ಸಣ್ಣ ವಾಸನೆ. ಇದಕ್ಕಾ ನಾನು ಹೆದರಿದ್ದು ಅನ್ನಿಸಿತು.

ಅವನು ಹೇಳಿದ್ದನ್ನು ನನಗೆ ತಿಳಿದ ಹಾಗೆ ಹೇಳುತ್ತೇನೆ. ಯಾವುದೇ ಎಣ್ಣೆ, ತುಪ್ಪ, ಬೆಣ್ಣೆ, ಕೊಬ್ಬು ತೆಗೆದುಕೊಳ್ಳಿ. ಅದರಲ್ಲಿ ಮೂರು ಮೂರು ಆಮ್ಲಗಳು ಒಂದೊಂದು ಗ್ಲಿಸರಿನ್‌ಗೆ ಕಟ್ಟಿಕೊಂಡಿರುತ್ತವೆ, ಒಂದು ಗೂಟಕ್ಕೆ ಮೂರು ಹಸು ಕಟ್ಟಿದ ಹಾಗೆ. ಆ ಹಸುಗಳಲ್ಲಿ ಒಂದರ ಹೆಸರು ಸ್ಟಿಯರಿಕ್. ಅದರ ಮೈ ಅಂದರೆ 18 ಇಂಗಾಲದ ಸರಪಳಿ, ಎಲ್ಲೂ ಸೊಟ್ಟ ಇಲ್ಲ. ಶೇಂಗಾ ಎಣ್ಣೆಯಲ್ಲಿ ಜಾಸ್ತಿ ಇರುವ ಇನ್ನೊಂದು ಆಮ್ಲ ಓಲಿಯಿಕ್‌ನಲ್ಲೂ ಲೆಕ್ಕಕ್ಕೆ 18 ಇಂಗಾಲವೇ. ಆದರೆ ನಡುವೆ ಒಂದು ಕಡೆ ಮುರುಕು ಇದೆ. ಜೋಳದ ದಂಟನ್ನು ಕಂತೆ ಕಟ್ಟಿ ನೋಡಿ, ಒತ್ತಾಗಿ ಕೂರುತ್ತದೆ. ಸೊಟ್ಟ ಜಾಲಿ ಕೊಂಬೆಗಳನ್ನು ಕಟ್ಟಿ ನೋಡಿ, ಎಷ್ಟು ಬಿಗಿದರೂ ನಡುವೆ ಸಂದು. ಅಷ್ಟೇ ವ್ಯತ್ಯಾಸ. ಒತ್ತಾಗಿ ಕೂತ ಸ್ಟಿಯರಿಕ್ ಕರಗಬೇಕಾದರೆ ಸುಮಾರು 69 ಡಿಗ್ರಿ ಬೇಕು. ಸಂದು ಬಿಟ್ಟ ಓಲಿಯಿಕ್ 13-14 ಡಿಗ್ರಿಗೇ ನೀರಾಗುತ್ತದೆ. ಆ ಮುರುಕಿಗೆ ಹೈಡ್ರೋಜನ್ ತುಂಬಿ ನೆಟ್ಟಗೆ ಮಾಡಿದರೆ ಓಲಿಯಿಕ್ಕೇ ಸ್ಟಿಯರಿಕ್ ಆಗಿಬಿಡುತ್ತದೆ. ಎಣ್ಣೆಯನ್ನು ಡಾಲ್ಡಾ ಮಾಡುವ ಹಿಂದಿನ ವಿದ್ಯೆಯೂ ಇದೇ. "ಸ್ಯಾಚುರೇಟೆಡ್" ಅಂತ ಡಬ್ಬಿಗಳ ಮೇಲೆ ಬರೆದಿರುತ್ತಾರಲ್ಲ, ಅದರರ್ಥ ಇನ್ನು ಹೈಡ್ರೋಜನ್ ತುಂಬಲು ಜಾಗ ಇಲ್ಲ, ಹೊಟ್ಟೆ ತುಂಬಿದೆ ಅಂತ.

ಇದನ್ನು ಮೊದಲು ಬಿಡಿಸಿ ನೋಡಿದ್ದು ಮಿಶೆಲ್ ಶೆವ್ರಲ್ ಅನ್ನೋ ಫ್ರಾನ್ಸಿನ ವಿಜ್ಞಾನಿ. ಪ್ರಾಣಿ ಕೊಬ್ಬಿನ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿ 1823ರಲ್ಲಿ ಅದನ್ನೆಲ್ಲ ಪ್ರಕಟಿಸಿದ. 1825ರಲ್ಲಿ ಗೇ ಲುಸಾಕ್ ಅನ್ನೋ ಇನ್ನೊಬ್ಬ ವಿಜ್ಞಾನಿ ಜೊತೆ ಸೇರಿ ಈ ಆಮ್ಲಗಳಿಂದ ಮೇಣದಬತ್ತಿ ಮಾಡುವುದಕ್ಕೆ ಪೇಟೆಂಟ್ ತೆಗೆದುಕೊಂಡ. ಅದಕ್ಕೂ ಮುಂಚೆ ಬಡವರ ಮನೆಯಲ್ಲಿ ಉರಿಯುತ್ತಿದ್ದದ್ದು ಪ್ರಾಣಿ ಕೊಬ್ಬಿನ ಬತ್ತಿ, ಹೊಗೆ, ನಾತ. ಸ್ಟಿಯರಿಕ್ ಅನ್ನೋ ಹೆಸರೂ ಗ್ರೀಕ್ ಭಾಷೆಯ ಕೊಬ್ಬು ಅನ್ನೋ ಮಾತಿನಿಂದಲೇ ಬಂದಿದ್ದು. ಆ ಮನುಷ್ಯ 102 ವರ್ಷ ಬದುಕಿದ್ದ. ಅಂದರೆ ನಾನು 2016ರಲ್ಲಿ ಮಾಡಿದ ತಪ್ಪಿಗೆ ಉತ್ತರ ಸುಮಾರು ಇನ್ನೂರು ವರ್ಷದ ಹಿಂದೆಯೇ ಬರೆದಿಟ್ಟಿತ್ತು. ಕೇಳುವ ಬಾಯಿ ನನಗಿರಲಿಲ್ಲ.

ಸರಿ, ಎಷ್ಟು ಹಾಕಬೇಕು? ಇದನ್ನು ಯಾರನ್ನೂ ಕೇಳದೆ ನಾನೇ ಮಾಡಿ ನೋಡಿದೆ. ನಮ್ಮ ಮನೆ ಮಾಳಿಗೆ ಮೇಲೆ ಒಂದು ತಗಡಿನ ಶೆಡ್ ಇದೆ, ಮೊದಲು ಮಂಡಕ್ಕಿ ಚೀಲ ಇಡುತ್ತಿದ್ದದ್ದು. ಮೇ ತಿಂಗಳ ಮಧ್ಯಾಹ್ನ ಎರಡು ಗಂಟೆಗೆ ಅದರೊಳಗೆ ಐದು ನಿಮಿಷ ನಿಲ್ಲುವುದಕ್ಕೆ ಆಗುವುದಿಲ್ಲ. ಅಲ್ಲಿ ಒಂದು ಹಲಗೆಯ ಅಂಚಿಗೆ ಐದು ಬತ್ತಿಗಳನ್ನು ಅಡ್ಡಡ್ಡ ಇಟ್ಟೆ, ಅರ್ಧ ಹಲಗೆ ಮೇಲೆ, ಅರ್ಧ ಗಾಳಿಯಲ್ಲಿ, ಹಿಂದೆ ಒಂದು ಇಟ್ಟಿಗೆಯ ಭಾರ. ಒಂದರಲ್ಲಿ ಸ್ಟಿಯರಿಕ್ ಇಲ್ಲವೇ ಇಲ್ಲ. ಉಳಿದವಕ್ಕೆ ನೂರಕ್ಕೆ 5, 10, 15, 20. ಏನೂ ಹಾಕದ್ದು ಅರ್ಧ ಗಂಟೆಯಲ್ಲಿ ತಲೆ ಕೆಳಗೆ ಮಾಡಿತು. 5ರದ್ದು ಸಂಜೆ ಹೊತ್ತಿಗೆ ಬಗ್ಗಿತು. 10ರದ್ದು ಒಂದು ಬೆರಳಷ್ಟು ಇಳಿಯಿತು, ಅಷ್ಟೇ. 15 ನೆಟ್ಟಗೆ. 20 ಕೂಡ ನೆಟ್ಟಗೆ, ಆದರೆ ಮೈ ಮೇಲೆ ಬಿಳೀ ಹೂವು ಹೂವಾಗಿ ಕಲೆ, ಕೆಳಗೆ ಬಿದ್ದರೆ ಚೂರು. ಮೂರು ದಿನ ಇದೇ ಆಟ ಆಡಿದೆ. ಅತ್ತೆ ದಿನಾ ಮೆಟ್ಟಿಲ ಕೆಳಗೆ ನಿಂತು "ಯಾವುದು ಗೆದ್ದೀತಮ್ಮಾ?" ಅಂತ ಕೇಳೋರು.

ಒಂದು ಮಾತು ಇಲ್ಲಿ ಹೇಳಬೇಕು, ಯಾಕೆಂದರೆ ಸುಮಾರು ಜನ ತಪ್ಪು ತಿಳಿದಿದ್ದಾರೆ. ಸ್ಟಿಯರಿಕ್ ಹಾಕಿದರೆ ಮೇಣ ಕರಗುವ ಡಿಗ್ರಿ ಬಹಳ ಮೇಲೆ ಹೋಗುತ್ತದೆ ಅಂದುಕೊಳ್ಳುತ್ತಾರೆ. ಹಾಗಲ್ಲ. ಅಂಗಡಿಯಲ್ಲಿ ಸಿಗುವುದು ಅಪ್ಪಟ ಸ್ಟಿಯರಿಕ್ ಅಲ್ಲವೇ ಅಲ್ಲ. ಅದರಲ್ಲಿ ಹೆಚ್ಚು ಕಡಿಮೆ ಅರ್ಧ ಪಾಮಿಟಿಕ್, 16 ಇಂಗಾಲದ ಅದರ ತಮ್ಮ. ಎರಡೂ ಬೆರೆತಿರುವುದರಿಂದ ಅದು 55 ಡಿಗ್ರಿ ಆಸುಪಾಸಿನಲ್ಲೇ ಕರಗುತ್ತದೆ, 69ಕ್ಕಲ್ಲ. ನನ್ನ ಪ್ಯಾರಾಫಿನ್ 58-60ರದ್ದು. ಹಾಗಾದರೆ ಲಾಭ ಎಲ್ಲಿ? ಪ್ಯಾರಾಫಿನ್‌ನ ಸ್ವಭಾವವೇ ಒಂಥರಾ. ಕರಗುವುದಕ್ಕೆ ಇನ್ನೂ ಬಹಳ ಮುಂಚೆ, 40 ಡಿಗ್ರಿ ಹತ್ತಿರವೇ ಒಳಗೊಳಗೇ ಮೆತ್ತಗಾಗಿಬಿಡುತ್ತದೆ. ಸ್ಟಿಯರಿಕ್ ಆ ಮೆತ್ತಗಾಗುವುದನ್ನು ತಡೆಯುತ್ತದೆ. ನಮ್ಮ ಕಡೆ ಬೇಸಿಗೆ ಕೂಡ ಸರಿಯಾಗಿ ಆ 40ರ ಹತ್ತಿರವೇ ಬಂದು ನಿಲ್ಲುತ್ತದೆ, ಅಲ್ವಾ? ಮಡಿಕೇರಿಯಲ್ಲಿ ಮಾರುವವರಿಗೆ ಇದು ಬೇಡದಿರಬಹುದು. ನಮಗೆ ಬೇಕು.

ಬಗ್ಗದೇ ಇರುವುದು ಒಂದು ಲಾಭ, ಅಷ್ಟೇ. ಆರುವಾಗ ಸ್ವಲ್ಪ ಕುಗ್ಗುವುದರಿಂದ ಬತ್ತಿ ಅಲ್ಯೂಮಿನಿಯಂ ಅಚ್ಚಿನಿಂದ ತಟ್ಟನೆ ಹೊರಗೆ ಬರುತ್ತದೆ, ಮೊದಲು ನಾನು ಅಚ್ಚನ್ನು ನೆಲಕ್ಕೆ ಕುಟ್ಟಿ ಕುಟ್ಟಿ ಅಂಚು ಸೊಟ್ಟ ಮಾಡಿದ್ದೆ. ಬತ್ತಿ ಹಾಲಿನ ಹಾಗೆ ಬೆಳ್ಳಗೆ ಕಾಣುತ್ತದೆ. ಬಣ್ಣ ಹಾಕುವುದಾದರೆ ಮೊದಲು ಸ್ಟಿಯರಿಕ್ ಕರಗಿಸಿ ಅದರಲ್ಲಿ ಬಣ್ಣ ಕಲಸಿ, ಆಮೇಲೆ ಮೇಣಕ್ಕೆ ಸೇರಿಸಿ. ನೇರ ಮೇಣಕ್ಕೆ ಹಾಕಿದರೆ ತಳದಲ್ಲಿ ಚುಕ್ಕೆ ಚುಕ್ಕೆ ಕೂರುತ್ತದೆ. ಒಬ್ಬರು ಹಳೇ ತಾಮ್ರದ ಪಾತ್ರೆಯಲ್ಲಿ ಕರಗಿಸಿದರೆ ಚೆನ್ನ ಅಂದರು. ಮಾಡಬೇಡಿ. ಇದು ಸೌಮ್ಯ ಆಮ್ಲವೇ ಆದರೂ ಬಿಸಿಯಲ್ಲಿ ತಾಮ್ರವನ್ನು ತಿನ್ನುತ್ತದೆ, ಮೇಣ ಹಸಿರಾಗುತ್ತದೆ. ಸ್ಟೀಲ್ ಪಾತ್ರೆ ಸಾಕು. ಅದನ್ನೂ ನೇರ ಒಲೆ ಮೇಲೆ ಇಡಬೇಡಿ. ದೊಡ್ಡ ಪಾತ್ರೆಯಲ್ಲಿ ನೀರು ಕುದಿಸಿ, ಅದರೊಳಗೆ ಇಡಿ. ಮೇಣ ಹೊತ್ತಿಕೊಂಡರೆ ನೀರು ಎರಚಲೇಬಾರದು. ತಟ್ಟೆ ಮುಚ್ಚಿ, ಗ್ಯಾಸ್ ಆರಿಸಿ. ಇದು ನನ್ನ ಮನೆಯಲ್ಲಿ ಆಗಿಲ್ಲ, ಪಕ್ಕದ ಬೀದಿಯಲ್ಲಿ ಆಗಿದ್ದನ್ನು ಕಣ್ಣಾರೆ ನೋಡಿದ್ದೇನೆ. ಅವರ ಅಡುಗೆಮನೆ ಗೋಡೆಯ ಕಪ್ಪು ಇನ್ನೂ ಹೋಗಿಲ್ಲ.

ಎರಡನೇ ವರ್ಷ ಇನ್ನೊಂದು ಪೆಟ್ಟು ಬಿತ್ತು. ಒಬ್ಬ ವ್ಯಾಪಾರಿ ಕಡಿಮೆ ರೇಟಿಗೆ ಸ್ಟಿಯರಿಕ್ ಕೊಟ್ಟರು. 10 ಹಾಕಿದರೂ ಬತ್ತಿ ಬಗ್ಗಿತು. 15 ಹಾಕಿದೆ, ಆಗಲೂ ಬಗ್ಗಿತು. ನನ್ನ ತಕ್ಕಡಿಯ ಮೇಲೇ ಅನುಮಾನ ಬಂತು. ಆಮೇಲೆ ಅಣ್ಣನ ಮಗ ಒಂದು ಪರೀಕ್ಷೆ ಹೇಳಿಕೊಟ್ಟ, ಈಗಲೂ ಪ್ರತಿ ಚೀಲಕ್ಕೂ ಅದನ್ನೇ ಮಾಡುತ್ತೇನೆ. ಒಂದು ಲೋಟ ಬಿಸಿ ನೀರಿಗೆ ಎರಡು ಚಮಚ ವಾಷಿಂಗ್ ಸೋಡಾ ಹಾಕಿ ಕರಗಿಸಿ. ಅದನ್ನು ಸಣ್ಣ ಉರಿಯಲ್ಲಿ ಇಟ್ಟು ಒಂದು ಚಮಚ ಚಕ್ಕೆ ಹಾಕಿ. ನಿಜವಾದ ಸ್ಟಿಯರಿಕ್ ಆದರೆ ಕರಗುತ್ತಾ ಕರಗುತ್ತಾ ಬುಸ್ ಅಂತ ನೊರೆ ಏಳುತ್ತದೆ, ನೀರು ಸೋಪಿನ ನೀರಿನ ಹಾಗೆ ಬೆಳ್ಳಗಾಗುತ್ತದೆ. ಆಮ್ಲ ಸೋಡಾ ಜೊತೆ ಸೇರಿ ಸೋಪು ಆಗುತ್ತಿದೆ, ಗಾಳಿ ಬಿಡುತ್ತಿದೆ. ಪಾತ್ರೆ ದೊಡ್ಡದಿರಲಿ, ಉಕ್ಕುತ್ತದೆ. ಪ್ಯಾರಾಫಿನ್ ಬೆರೆಸಿದ್ದರೆ ಅದು ಪಾಪ ಏನೂ ಮಾಡದೆ ಎಣ್ಣೆಯ ಹಾಗೆ ಮೇಲೆ ತೇಲುತ್ತದೆ. ತಣ್ಣಗಾದ ಮೇಲೆ ಆ ಬಿಲ್ಲೆ ತೆಗೆದು ತೂಗಿದರೆ ಎಷ್ಟು ಬೆರಕೆ ಅಂತ ಅಂದಾಜು ಸಿಗುತ್ತದೆ. ಆ ಚೀಲದಿಂದ ಒಂದು ಚಮಚ ಹಾಕಿದಾಗ ಅರ್ಧಕ್ಕೂ ಜಾಸ್ತಿ ತೇಲಿತ್ತು. ವ್ಯಾಪಾರಿಗೆ ಆ ಬಿಲ್ಲೆಯನ್ನೇ ಪ್ಲಾಸ್ಟಿಕ್ ಕವರಲ್ಲಿ ಹಾಕಿ ಕೊಟ್ಟು ಬಂದೆ. ದುಡ್ಡು ಬರಲಿಲ್ಲ. ಅವರ ಹತ್ತಿರ ಮತ್ತೆ ಕೊಳ್ಳಲಿಲ್ಲ.

ಆ ಲೋಟದ ನೊರೆ ನೋಡಿದ ಮೇಲೆ ಸುಮ್ನೆ ಇರೋಕಾಗಲಿಲ್ಲ. ಇದು ಸೋಪು ಆಗುತ್ತದೆ ಅಂದರೆ ನಾನೇ ಸೋಪು ಮಾಡಬಹುದಲ್ಲ! ಚಳ್ಳಕೆರೆಯಲ್ಲಿ ನನ್ನ ತಂಗಿ ಇದ್ದಾಳೆ. ಎಣ್ಣೆ ಮಿಲ್ಲುಗಳ ಊರು. ಅವಳು ಬರುವಾಗಲೆಲ್ಲ ಗಾಣದ ಶೇಂಗಾ ಎಣ್ಣೆ ತರುತ್ತಾಳೆ. ಬರೀ ಶೇಂಗಾ ಎಣ್ಣೆಯಲ್ಲಿ ಸೋಪು ಮಾಡಿದೆ. ಒಂದು ತಿಂಗಳು ಬಿಟ್ಟರೂ ಅದು ರಾಗಿ ಮುದ್ದೆ. ಬೆರಳಿಟ್ಟರೆ ಕುಳಿ. ಶೇಂಗಾ ಎಣ್ಣೆಯಲ್ಲಿ ನೆಟ್ಟಗಿನ ಆಮ್ಲ ಕಡಿಮೆ, ಸೊಟ್ಟದ್ದೇ ಜಾಸ್ತಿ, ಅದಕ್ಕೇ ಸೋಪೂ ಮೆತ್ತಗೆ. ಕಾರಣ ಗೊತ್ತಾಯಿತಲ್ಲ, ಹಾಗಾದರೆ ಸ್ಟಿಯರಿಕ್ ಹಾಕೋಣ ಅಂತ ಒಂದು ಕಿಲೋ ಎಣ್ಣೆಗೆ 100 ಗ್ರಾಂ ಹಾಕಿದೆ. ಕಾಸ್ಟಿಕ್ ಸೋಡಾ ನೀರು ಹೊಯ್ದೆ. ಹತ್ತು ಎಣಿಸುವುದರೊಳಗೆ ಪಾತ್ರೆಯಲ್ಲಿದ್ದದ್ದು ಉಪ್ಪಿಟ್ಟಾಯಿತು. ಕೈ ಬ್ಲೆಂಡರ್ ಅದರೊಳಗೇ ಸಿಕ್ಕಿಕೊಂಡಿತು. ಎತ್ತಿದರೆ ಪಾತ್ರೆ ಸಮೇತ ಮೇಲೆ ಬಂತು.

ಯಾಕೆ ಅಂತ ಆಮೇಲೆ ತಿಳಿಯಿತು. ಎಣ್ಣೆಯಲ್ಲಿರುವ ಹಸುಗಳನ್ನು ಕಾಸ್ಟಿಕ್ ಮೊದಲು ಗೂಟದಿಂದ ಬಿಚ್ಚಬೇಕು, ಆಮೇಲೆ ಹಿಡಿಯಬೇಕು. ಅದಕ್ಕೆ ಹೊತ್ತು ಹಿಡಿಯುತ್ತದೆ. ಚೀಲದ ಸ್ಟಿಯರಿಕ್ ಮೊದಲೇ ಬಿಚ್ಚಿ ಬಿಟ್ಟ ಹಸು. ಕಾಸ್ಟಿಕ್ ಕಂಡ ಕೂಡಲೇ ಅದನ್ನೇ ಹಿಡಿದು ಸೋಪು ಮಾಡಿಬಿಡುತ್ತದೆ. ಈಗ ನನ್ನ ಅಳತೆ ಹೀಗಿದೆ: ಶೇಂಗಾ ಎಣ್ಣೆ 560 ಗ್ರಾಂ, ಕೊಬ್ಬರಿ ಎಣ್ಣೆ 400, ಸ್ಟಿಯರಿಕ್ 40. ಕಾಸ್ಟಿಕ್ ಸೋಡಾ 147 ಗ್ರಾಂ, ನೀರು 320. ಇದರಲ್ಲಿ ನೂರಕ್ಕೆ ಐದರಷ್ಟು ಎಣ್ಣೆ ಸೋಪಾಗದೆ ಉಳಿಯುತ್ತದೆ, ಬೇಕಂತಲೇ, ಮೈ ಒಣಗಬಾರದು ಅಂತ. ಎಣ್ಣೆ, ಚಕ್ಕೆ ಎಲ್ಲ 60 ಡಿಗ್ರಿ ಹತ್ತಿರ ಬಿಸಿ ಇರಬೇಕು, ಇಲ್ಲದಿದ್ದರೆ ಚಕ್ಕೆ ಮತ್ತೆ ಗಟ್ಟಿಯಾಗಿ ಕಾಳು ಕಾಳಾಗುತ್ತದೆ. ಕಾಸ್ಟಿಕ್ಕನ್ನು ನೀರಿಗೆ ಹಾಕಿ, ನೀರನ್ನು ಕಾಸ್ಟಿಕ್‌ಗೆ ಹಾಕಬೇಡಿ. ಕನ್ನಡಕ, ಕೈಗವಸು ಹಾಕಿಕೊಳ್ಳಿ. ಸ್ಟಿಯರಿಕ್ ಹೆಸರಿಗಷ್ಟೇ ಆಸಿಡ್. ಕೈ ಸುಡುವುದು ಈ ಕಾಸ್ಟಿಕ್, ಅದಕ್ಕೆ ಹೆಸರಲ್ಲಿ ಆಸಿಡ್ ಇಲ್ಲವೇ ಇಲ್ಲ. ತೂಕ ಗ್ರಾಮಿನ ತಕ್ಕಡಿಯಲ್ಲೇ ಆಗಬೇಕು, ಲೋಟದ ಲೆಕ್ಕ ನಡೆಯುವುದಿಲ್ಲ. ಬಿಲ್ಲೆ ಕತ್ತರಿಸಿ ನಾಲ್ಕರಿಂದ ಆರು ವಾರ ಗಾಳಿಗೆ ಇಡಿ.

ಸೋಪು ಚೆನ್ನಾಗಿ ಬಂತು. ಗಟ್ಟಿ, ಬಿಳಿ. ಖುಷಿಯಿಂದ ಬಚ್ಚಲಿಗೆ ಹೋದೆ. ನೊರೆಯೇ ಇಲ್ಲ! ಬಕೆಟ್ಟಿನ ಸುತ್ತ ಬೂದಿ ಬಣ್ಣದ ಕೆನೆ. ಅದೇ ಸೋಪು ಹರಿಹರದ ಅತ್ತಿಗೆ ಮನೆಯಲ್ಲಿ ನದಿ ನೀರಿಗೆ ಮೊಸರಿನಂಥ ನೊರೆ ಕೊಟ್ಟಿತು. ನಮ್ಮದು ಬೋರ್ ನೀರು. ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಸ್ಟಿಯರಿಕ್ಕನ್ನು ಕಸಿದುಕೊಳ್ಳುತ್ತವೆ, ಸೋಡಿಯಂ ಹೋಗಿ ಕ್ಯಾಲ್ಸಿಯಂ ಬಂದು ಕೂರುತ್ತದೆ. ಆಗ ಅದು ನೀರಲ್ಲಿ ಕರಗುವುದಿಲ್ಲ. ಬಕೆಟ್ಟಿನ ಅಂಚಿನಲ್ಲಿ, ಬಚ್ಚಲ ಕಲ್ಲಿನ ಮೇಲೆ ಕೂರುವ ಆ ಜಿಡ್ಡು ಅದೇ, ಕ್ಯಾಲ್ಸಿಯಂ ಸ್ಟಿಯರೇಟ್ ಮತ್ತು ಅದರ ಬಳಗ. ಚಿತ್ರದುರ್ಗ, ಜಗಳೂರು ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಷ್ಟು ವರ್ಷದಿಂದ ನಾನು ಆ ಜಿಡ್ಡು ಉಜ್ಜಿದ್ದೇನೆ, ಅದು ನನ್ನ ಚೀಲದ ಚಕ್ಕೆಯ ನೆಂಟ ಅಂತ ಗೊತ್ತಿರಲಿಲ್ಲ. ಅವ್ವ ಬಟ್ಟೆ ನೆನೆಸುವ ನೀರಿಗೆ ಮೊದಲೇ ವಾಷಿಂಗ್ ಸೋಡಾ ಹಾಕುತ್ತಿದ್ದಳು. ಯಾಕವ್ವಾ ಅಂದರೆ "ನೀರಿನ ಸವಳು ಮುರೀಲಿ" ಅನ್ನುತ್ತಿದ್ದಳು. ಸರಿಯಾದ ಮಾತೇ. ಸೋಡಾ ಹೋಗಿ ಕ್ಯಾಲ್ಸಿಯಂ ಹಿಡಿದು ತಳಕ್ಕೆ ಕೂರಿಸುತ್ತದೆ, ಸೋಪು ಉಳಿಯುತ್ತದೆ.

ಈ ನೀರಿನ ಕಥೆ ಬತ್ತಿಗೂ ಬಂತು ನೋಡಿ. ದಾರ ಸರಿಯಾಗಿ ಉರಿಯಲಿ ಅಂತ ನಾನು ಅದನ್ನು ಬೊರಾಕ್ಸ್ ಮತ್ತು ಉಪ್ಪು ಕರಗಿಸಿದ ನೀರಲ್ಲಿ ಒಂದು ದಿನ ನೆನೆಸಿ ಒಣಗಿಸುತ್ತೇನೆ. ಬೋರ್ ನೀರಲ್ಲಿ ನೆನೆಸಿದ ದಾರದ ಬತ್ತಿ ಅರ್ಧ ಉರಿದ ಮೇಲೆ ದೀಪ ಸಣ್ಣಗಾಗಿ ಕಣ್ಣು ಮುಚ್ಚುತ್ತಿತ್ತು. ಫಿಲ್ಟರ್ ನೀರಲ್ಲಿ ನೆನೆಸಿದ್ದು ಕೊನೆಯವರೆಗೂ ಉರಿಯಿತು. ನನಗೆ ಅನ್ನಿಸುವುದು, ದಾರದಲ್ಲಿ ಉಳಿದ ಆ ಕ್ಯಾಲ್ಸಿಯಂ ಬಿಸಿ ಸ್ಟಿಯರಿಕ್ ಜೊತೆ ಸೇರಿ ಅಲ್ಲೇ ಜಿಡ್ಡಾಗಿ ಮೇಣ ಮೇಲೆ ಏರುವ ದಾರಿ ಕಟ್ಟಿಕೊಳ್ಳುತ್ತದೆ. ಕಾರಣ ಏನೇ ಇರಲಿ, ಈಗ ದಾರಕ್ಕೆ ಫಿಲ್ಟರ್ ನೀರೇ.

ಮಧ್ಯೆ ಅತ್ತೆಗೋಸ್ಕರ ಸ್ನೋ ಮಾಡಿದೆ. ಈಗಿನ ಮಕ್ಕಳಿಗೆ ಸ್ನೋ ಅಂದರೆ ಹಿಮ. ಅತ್ತೆಯ ಕಾಲದಲ್ಲಿ ಸ್ನೋ, ಪೌಡರ್ ಅಂದರೆ ಮದುವೆ ಮನೆಯ ಶೃಂಗಾರ. ಆ ಬಿಳೀ ಹೊಳಪಿನ ಕ್ರೀಮು, ಹಚ್ಚಿದರೆ ಮಾಯವಾಗುವುದು, ಹೆಚ್ಚಾಗಿ ಸ್ಟಿಯರಿಕ್ ಮತ್ತು ನೀರು ಅಷ್ಟೇ. ಸ್ಟಿಯರಿಕ್ 20 ಗ್ರಾಂ, ಗ್ಲಿಸರಿನ್ 8, ಕಾಸ್ಟಿಕ್ ಪೊಟ್ಯಾಷ್ 1, ನೀರು 71. ಪೊಟ್ಯಾಷ್ ಒಂದಿಷ್ಟು ಸ್ಟಿಯರಿಕ್ಕನ್ನು ಮಾತ್ರ ಸೋಪು ಮಾಡುತ್ತದೆ, ಆ ಸೋಪೇ ಉಳಿದ ಸ್ಟಿಯರಿಕ್ಕನ್ನೂ ನೀರನ್ನೂ ಕೂಡಿಸಿ ಹಿಡಿಯುತ್ತದೆ. ಸ್ಟಿಯರಿಕ್ ಒಂದು ಕಡೆ, ಪೊಟ್ಯಾಷ್ ಕರಗಿದ ನೀರು ಇನ್ನೊಂದು ಕಡೆ, ಎರಡನ್ನೂ 75 ಡಿಗ್ರಿಗೆ ಬಿಸಿ ಮಾಡಿ ಕಲಸುತ್ತಾ ಕಲಸುತ್ತಾ ಆರಿಸಬೇಕು. ಎರಡು ದಿನ ಬಿಟ್ಟು ನೋಡಿದರೆ ಮುತ್ತಿನ ಹೊಳಪು ತಾನಾಗೇ ಬರುತ್ತದೆ, ಒಳಗೆ ಸ್ಟಿಯರಿಕ್ ಹರಳು ಕಟ್ಟುವುದರಿಂದ. ಅತ್ತೆ ಮುಖಕ್ಕೆ ಹಚ್ಚಿಕೊಂಡು ಕನ್ನಡಿ ಮುಂದೆ ಬಹಳ ಹೊತ್ತು ನಿಂತಿದ್ದರು. ಹದಿನೈದು ದಿನಕ್ಕೆ ಡಬ್ಬಿಯಲ್ಲಿ ಬೂಷ್ಟು. ನೀರಿರುವ ಕ್ರೀಮಿಗೆ ಕೆಡದ ಹಾಗೆ ಇಡುವ ಔಷಧಿ ಬೇಕೇ ಬೇಕು, ಅದು ನನಗೆ ಬೇಡದ ಉಸಾಬರಿ. ಅದೂ ಅಲ್ಲದೆ ಮೈಗೆ ಹಚ್ಚುವ ಸೋಪು, ಕ್ರೀಮು ಮಾಡಿ ಮಾರಬೇಕಾದರೆ ಪರವಾನಗಿ ಬೇಕು. ಹಾಗಾಗಿ ಸೋಪು ಮನೆಗೆ, ಬತ್ತಿ ಮಾರಾಟಕ್ಕೆ.

ಮಾರುವಾಗ ಅತಿ ಕಷ್ಟದ ಪ್ರಶ್ನೆ ಬಂದದ್ದು ಒಂದು ಮಠದ ಕಾರ್ಯಕ್ರಮಕ್ಕೆ ಬತ್ತಿ ಕೊಡುವಾಗ. ಒಬ್ಬ ಹಿರಿಯರು ಕೇಳಿದರು, "ತಂಗೀ, ಇದ್ರಾಗೆ ಪ್ರಾಣಿ ಕೊಬ್ಬು ಐತೇನಮ್ಮಾ?" ನನ್ನ ಬಾಯಿ ಕಟ್ಟಿತು. ಸ್ಟಿಯರಿಕ್ ಪ್ರಾಣಿ ಕೊಬ್ಬಿನಿಂದಲೂ ಮಾಡಬಹುದು, ತಾಳೆ ಎಣ್ಣೆಯಿಂದಲೂ ಮಾಡಬಹುದು. ಎರಡರಿಂದ ಬಂದ ಆಮ್ಲವೂ ಒಂದೇ, ನೋಡಿ ಹೇಳಲಾಗುವುದಿಲ್ಲ. "ವಿಚಾರಿಸಿ ಹೇಳ್ತೀನಿ ಅಜ್ಜಾರೆ" ಅಂದೆ. ಸಪ್ಲೈ ಮಾಡುವವರ ಹತ್ತಿರ ಬರವಣಿಗೆಯಲ್ಲಿ ಕೇಳಿದೆ, ತಾಳೆ ಎಣ್ಣೆಯದು ಅಂತ ಕಾಗದ ಕೊಟ್ಟರು. ಆ ಕಾಗದ ತೋರಿಸಿದ ಮೇಲೆ ಆರ್ಡರ್ ಆಯಿತು. ಈಗ ಪ್ರತಿ ಲಾಟಿಗೂ ಆ ಕಾಗದ ಇಲ್ಲದೆ ಚೀಲ ಇಳಿಸಿಕೊಳ್ಳುವುದಿಲ್ಲ. ನಿಮ್ಮ ನಂಬಿಕೆ ಏನೇ ಇರಲಿ, ಕೊಳ್ಳುವವರು ಕೇಳಿದರೆ ಉತ್ತರ ಕೈಯಲ್ಲಿರಬೇಕು.

ಕಣ್ಣು ಒಮ್ಮೆ ಬಿಟ್ಟ ಮೇಲೆ ಎಲ್ಲೆಲ್ಲೂ ಇದೇ ಕಾಣುತ್ತದೆ. ಅಣ್ಣನ ಮಗನ ಕ್ಯಾಲ್ಸಿಯಂ ಮಾತ್ರೆ ಡಬ್ಬಿ ಮೇಲೆ ಮೆಗ್ನೀಸಿಯಂ ಸ್ಟಿಯರೇಟ್. ಮಾತ್ರೆ ಒತ್ತುವ ಅಚ್ಚಿಗೆ ಪುಡಿ ಅಂಟಬಾರದು ಅಂತ ನೂರಕ್ಕೆ ಒಂದರಷ್ಟು ಹಾಕುತ್ತಾರೆ. ರೊಟ್ಟಿ ಬಡಿಯುವಾಗ ಹಿಟ್ಟು ಉದುರಿಸಿಕೊಳ್ಳುವುದಿಲ್ಲವೇ, ಹಾಗೆ. ಟೈರಿನ ರಬ್ಬರಿನಲ್ಲಿ ಸತುವಿನ ಆಕ್ಸೈಡ್ ಜೊತೆ ಸ್ವಲ್ಪ ಸ್ಟಿಯರಿಕ್ ಇರುತ್ತದೆ, ಗಂಧಕ ರಬ್ಬರನ್ನು ಬೇಗ ಹಿಡಿಯಲಿ ಅಂತ. ಪಿವಿಸಿ ಪೈಪಿನಲ್ಲಿ ಕ್ಯಾಲ್ಸಿಯಂ ಸ್ಟಿಯರೇಟ್. ಅಂದರೆ ನಮ್ಮ ಬಚ್ಚಲ ಪೈಪಿನ ಒಳಗೆ ಕೂರುವ ಜಿಡ್ಡು ಪೈಪಿನ ಮೈಯಲ್ಲೇ ಬೇಕಂತ ಹಾಕಿದ್ದು! ಇದನ್ನು ಪ್ಲಂಬರ್‌ಗೆ ಹೇಳಿದೆ. ಆ ಹುಡುಗ ನನ್ನನ್ನು ಒಂಥರಾ ನೋಡಿದ.

ಬೆಣ್ಣೆ ದೋಸೆಯ ಮಾತೂ ನಿಜವೇ. ಬೆಣ್ಣೆಯ ಕೊಬ್ಬಿನಲ್ಲಿ ನೂರಕ್ಕೆ ಸುಮಾರು 10 ಸ್ಟಿಯರಿಕ್, ಪಾಮಿಟಿಕ್ ಅದರ ಎರಡು ಪಾಲಿಗೂ ಜಾಸ್ತಿ. ಚಾಕೊಲೇಟಿನ ಕೋಕೋ ಬೆಣ್ಣೆಯಲ್ಲಿ ಮೂರನೇ ಒಂದು ಭಾಗ ಸ್ಟಿಯರಿಕ್. ಸ್ಯಾಚುರೇಟೆಡ್ ಎಂದರೆ ಎಲ್ಲವೂ ಒಂದೇ ಅಲ್ಲ, ಸ್ಟಿಯರಿಕ್ ಕೆಟ್ಟ ಕೊಲೆಸ್ಟ್ರಾಲನ್ನು ಪಾಮಿಟಿಕ್ ಏರಿಸುವ ಹಾಗೆ ಏರಿಸುವುದಿಲ್ಲ, ಒಳಗೆ ಹೋದ ಮೇಲೆ ಒಂದು ಪಾಲು ಓಲಿಯಿಕ್ ಆಗಿ ಬದಲಾಗುತ್ತದೆ. ಇದನ್ನು ಕೇಳಿದ ಯಜಮಾನರು ಇನ್ನೊಂದು ದೋಸೆ ಹೇಳಿದರು. ಬೆಣ್ಣೆಯಲ್ಲಿ ಪಾಮಿಟಿಕ್ಕೇ ಜಾಸ್ತಿ ಅಂತ ಹೇಳುವಷ್ಟರಲ್ಲಿ ದೋಸೆ ಬಂದಾಗಿತ್ತು.

ಈಗ ಹೊಸದೊಂದು ಹುಚ್ಚು. ಶಿರಸಿಯ ಕಡೆಯಿಂದ ಒಬ್ಬರು ಮುರುಗಲು ತುಪ್ಪದ, ಅಂದರೆ ಕೋಕಂ ಹಣ್ಣಿನ ಬೀಜದ ಕೊಬ್ಬಿನ, ಉಂಡೆ ತಂದುಕೊಟ್ಟರು. ಆ ಕಡೆ ಹಿಮ್ಮಡಿ ಒಡೆದರೆ ಅದನ್ನೇ ಕರಗಿಸಿ ಹಚ್ಚುತ್ತಾರಂತೆ. ಅದರ ಕೊಬ್ಬಿನಲ್ಲಿ ಅರ್ಧಕ್ಕೂ ಜಾಸ್ತಿ ಸ್ಟಿಯರಿಕ್, ಅದಕ್ಕೇ ಕಲ್ಲಿನಂತೆ ಗಟ್ಟಿ. ಅಂದರೆ ಯಾವ ಕಾರ್ಖಾನೆಯೂ ಇಲ್ಲದೆ ಒಂದು ಹಣ್ಣಿನ ಬೀಜ ನನ್ನ ಕೆಲಸ ಮಾಡಿಟ್ಟಿದೆ. ಒಂದು ಪಾಲು ಮುರುಗಲು ತುಪ್ಪ, ಎರಡು ಪಾಲು ಎಳ್ಳೆಣ್ಣೆ ಕರಗಿಸಿ ಡಬ್ಬಿಗೆ ಹೊಯ್ದೆ. ನೀರಿಲ್ಲ, ಬೂಷ್ಟಿನ ಭಯ ಇಲ್ಲ. ಅತ್ತೆ ಹತ್ತು ದಿನದಿಂದ ರಾತ್ರಿ ಹಚ್ಚಿ ಸಾಕ್ಸ್ ಹಾಕಿಕೊಂಡು ಮಲಗುತ್ತಿದ್ದಾರೆ. ಎಡಗಾಲಿಗೆ ಮಾತ್ರ, ಬಲಗಾಲಿಗೆ ಏನೂ ಹಚ್ಚುತ್ತಿಲ್ಲ. ನಾನು ಹೇಳಿದ್ದಲ್ಲ. "ನೀನು ಮಾಳಿಗೆ ಮೇಲೆ ಬತ್ತಿ ಇಟ್ಟು ನೋಡ್ಲಿಲ್ವಾ, ಹಂಗೆ" ಅಂದರು.